ಮಹಡಿಯವರ ವೀಸಾ

ಪರದೇಶದಲ್ಲಿ ನಮ್ಮ ರಾಯಭಾರಿಗಳಿಗೆ ಸಿಕ್ಕ ಹಳೇ ಬಂಗಲೆ ಅದು. ಸಂಜೆಯಾದರೆ ಯಾರೂ ಇಲ್ಲದ ಮಹಡಿಯಲ್ಲಿ ಯಾರೋ ಓಡಾಡುತ್ತಿದ್ದರು.

"ನಾಳೆ ಇಲ್ಲಿನ ಮಂತ್ರಿಗಳಿಗೆ ಔತಣವಿದೆ. ಅಷ್ಟರಲ್ಲಿ ಆ ದೆವ್ವ ಹೋಗಬೇಕು, ಇಲ್ಲವೇ ನೀನು ಊರಿಗೆ ಹೋಗಬೇಕು!" ಎಂದು ರಾಯಭಾರಿಗಳು ಅಡುಗೆಯ ಮಯ್ಯನ ಮೇಲೆ ಗುಡುಗಿದರು.

ಮಯ್ಯ ಮೆಟ್ಟಿಲ ಬುಡದಲ್ಲಿ ನಿಂತ. ಆ ನಾಡಿನ ಮಾತಿನಲ್ಲೇ ವಿನಯದಿಂದ ಕೇಳಿದ: "ಸ್ವಾಮೀ, ಇದು ಈಗ ಭಾರತದವರ ಮನೆ. ತಮ್ಮ ಹತ್ತಿರ ವೀಸಾ ಇದೆಯೇ?"

ಮೇಲಿನ ಓಡಾಟದ ಸದ್ದು ನಿಂತಿತು. ಆಮೇಲೆ ಹೆಜ್ಜೆಗಳು ಒಂದೊಂದಾಗಿ ಕೆಳಗಿಳಿದವು. ತಣ್ಣನೆಯದೇನೋ ಮಯ್ಯನ ಕಿವಿ ಸವರಿಕೊಂಡು ಹೋಯಿತು. ಮುಂಬಾಗಿಲು ತಾನಾಗಿ ತೆರೆದು ಮುಚ್ಚಿತು.

ಮಯ್ಯ ರಾಯಭಾರ ಕಚೇರಿಗೆ ಓಡಿ ನಡೆದದ್ದನ್ನು ಹೇಳಿದ. ರಾಯಭಾರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಲೇ! ಈಗ ಎಲ್ಲಿಗೆ ಹೋಗಿದೆಯಂತೆ?"

ಅವರ ಎದುರಿನ ಖಾಲಿ ಕುರ್ಚಿ, ಯಾರೋ ಕೂತಂತೆ ಕಿರುಗುಟ್ಟಿತು.

"ವೀಸಾ ಕೇಳಲು ಬಂದಿರಬೇಕು ಸಾರ್," ಎಂದ ಮಯ್ಯ, ಹೊರಗೆ ಹೋಗಿ ಮೆಲ್ಲಗೆ ಬಾಗಿಲೆಳೆದುಕೊಂಡ.