ಮೇಲಿನ ಮನೆಯ ಸಪ್ಪಳ

"ಗುರುಗಳೇ, ಪಕ್ಕದ ಕೋಣೆಯ ನಿರಂಜನ ದಿನವಿಡೀ ಗಟ್ಟಿಯಾಗಿ ಪಾಠ ಒಪ್ಪಿಸುತ್ತಾನೆ. ನನ್ನ ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ನಡುವೆ ಇನ್ನೊಂದು ದಪ್ಪ ಗೋಡೆ ಎಬ್ಬಿಸಬಹುದೇ? ಖರ್ಚನ್ನು ನಮ್ಮ ಮನೆಯವರು ಕೊಡುತ್ತಾರೆ" ಎಂದು ಚೆನ್ನವೀರ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಬ್ಬ ಬಳೆ ವ್ಯಾಪಾರಿ ಇದ್ದ. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಪೇಟೆಯ ದೊಡ್ಡ ಕಟ್ಟಡವೊಂದರಲ್ಲಿ ಮನೆ ಕೊಂಡ. ಅಲ್ಲಿ ಒಂದರ ಮೇಲೊಂದು ಮನೆಗಳು. ಒಬ್ಬರ ಮಾಳಿಗೆಯೇ ಇನ್ನೊಬ್ಬರ ನೆಲ. ಗಂಡ ಹೆಂಡತಿ ಇಬ್ಬರೇ ಇದ್ದರು. ಕೆಲವು ವರ್ಷಕ್ಕೆ ಹೆಂಡತಿ ತೀರಿಕೊಂಡಳು.

ಅವನ ಮೇಲಿನ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಶೇಂಗಾ ಚಟ್ನಿ ಮಾಡಿ ಮಾರಿ ಬದುಕುತ್ತಿದ್ದಳು. ಮಿಕ್ಸರಿಗೆ ಹಾಕಿದರೆ ಚಟ್ನಿ ಬರೀ ಹಿಟ್ಟಾಗುತ್ತದೆ. ಒರಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಡುತ್ತದೆ, ರುಚಿ ಬರುತ್ತದೆ. ಹಾಗಾಗಿ ಬೆಳಗಾದರೆ ಅವಳ ಒರಳು ಶುರುವಾಗುತ್ತಿತ್ತು. ವ್ಯಾಪಾರಿ ತಾಟಿನ ಮುಂದೆ ಕುಳಿತರೆ ಧಪ್. ಪೇಪರು ಬಿಡಿಸಿದರೆ ಧಪ್. ಹೆಂಡತಿ ಇದ್ದಾಗ ಅದು ಇಷ್ಟು ಕೇಳಿಸುತ್ತಿರಲಿಲ್ಲ. ಈಗ ತನ್ನ ತಲೆಯೊಳಗೇ ಯಾರೋ ಕುಟ್ಟುತ್ತಿದ್ದಾರೆ ಎನಿಸುತ್ತಿತ್ತು.

ಕಡೆಗೊಂದು ದಿನ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಮಾಳಿಗೆಯನ್ನು ತಟ್ಟಿ ನೋಡಿ, "ಕೆಳಗಿನಿಂದ ಏನು ಬಡಿದರೂ ಅರ್ಧ ಸಪ್ಪಳ ಉಳಿಯುತ್ತದೆ. ಮೇಲಿನ ಮನೆಯ ನೆಲದ ಫರಸಿ ಕಲ್ಲು ಕಿತ್ತು, ಅಡಿಗೆ ದಪ್ಪ ರಬ್ಬರ್ ಹಾಸಿ, ಮತ್ತೆ ಫರಸಿ ಕೂರಿಸಬೇಕು. ಆಗ ಪೂರ್ತಿ ನಿಲ್ಲುತ್ತದೆ" ಎಂದ. ನಾಳೆಯೇ ಬಂದು ಕೆಲಸ ಹಿಡಿಯಲು ಸಿದ್ಧನಿದ್ದ.

ಅವನು ಹೇಳಿದಷ್ಟು ಹಣ ವ್ಯಾಪಾರಿಯ ಹತ್ತಿರ ಇರಲಿಲ್ಲ. ಹೆಂಡತಿಯ ಬಂಗಾರದ ಪಾಟಲಿ ಬಳೆಗಳು ಮಾತ್ರ ಇದ್ದವು. ಪೆಟ್ಟಿಗೆ ತೆರೆದು ಬಹಳ ಹೊತ್ತು ಅವುಗಳನ್ನು ನೋಡುತ್ತ ಕುಳಿತ. ಮೇಲೆ ಧಪ್ ಎಂದಿತು. ಪಾಟಲಿಗಳನ್ನು ಕಿಸೆಗೆ ಹಾಕಿಕೊಂಡು ಎದ್ದ. ಮಾರುವ ಮೊದಲು ಮೇಲಿನವಳ ಒಪ್ಪಿಗೆ ಬೇಕಲ್ಲ ಎಂದು ಮೆಟ್ಟಿಲು ಹತ್ತಿದ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, "ಬರ್ರಿ ಕಾಕಾ, ಕೂಡ್ರಿ" ಎಂದು ಚಾಪೆ ಹಾಸಿದಳು. ಚಹಾ ಕೊಟ್ಟಳು. ವ್ಯಾಪಾರಿ ಬಂದ ಕೆಲಸ ಹೇಳಿದ. ಅವಳ ಮುಖ ಸಣ್ಣದಾಯಿತು.

"ನಿಮಗ ಇಷ್ಟು ತ್ರಾಸ ಆಗತೈತಿ ಅಂತ ಒಮ್ಮೆರೆ ಹೇಳಬಾರದಿತ್ತೇನ್ರಿ? ನೆಲಾ ಕೀಳಿಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಆಮ್ಯಾಲೆ ನಿಮ್ಮ ಸಪ್ಪಳ ನನಗ ಕೇಳೂದಿಲ್ಲಲ್ಲ, ಅದಕ್ಕೇನು ಮಾಡ್ಲಿ?"

"ನನ್ನದೆಂಥಾ ಸಪ್ಪಳವ್ವ? ಒಬ್ಬನ ಇರಾಂವ ನಾನು."

"ಊಟ ಆದಮ್ಯಾಲೆ ನಿಮ್ಮ ಮಂಚ ಕಿರ್ ಅಂತೈತ್ರಿ. ಆಗ ನಾ ಒನಕಿ ಕೆಳಗ ಇಡತೀನಿ. ನೀವು ಎದ್ದು ರೇಡಿಯೊ ಹಚ್ಚಿದಮ್ಯಾಲೆ ಮತ್ತ ಹಿಡೀತೀನಿ. ಅದೂ ಕೇಳಲಿಲ್ಲಂದ್ರ ನೀವು ಮಲಗಿದ್ದು ಹೆಂಗ ತಿಳೀಬೇಕ್ರಿ ನನಗ?"

ಆ ಹೊತ್ತಿಗೆ ಅವಳೂ ಮಲಗುತ್ತಾಳೆ ಎಂದೇ ವ್ಯಾಪಾರಿ ತಿಳಿದಿದ್ದ. ಅವಳು ಮತ್ತೆ ಹೇಳಿದಳು.

"ಕಾಕು ಹೋದಾಗ ನೀವು ಹದಿಮೂರು ದಿನಾನೂ ಅತ್ರಿ. ನನಗೆಲ್ಲಾ ಕೇಳತಿತ್ತು. ಅಷ್ಟೂ ದಿನ ಈ ಒರಳು ಮುಟ್ಟಲಿಲ್ರಿ ನಾನು. ಶೇಂಗಾ ಹೊತ್ಕೊಂಡು ಅಕ್ಕನ ಮನಿಗೆ ಹೋಗಿ ಕುಟಗೊಂಡು ಬರತಿದ್ದೆ."

ವ್ಯಾಪಾರಿ ಚಹಾದ ಬಟ್ಟಲನ್ನು ಕೆಳಗಿಟ್ಟ. ಆ ದಿನಗಳನ್ನು ನೆನೆಯಲು ನೋಡಿದ. ಬಂದು ಹೋದವರ ಮುಖಗಳು ನೆನಪಿದ್ದವು. ಯಾರೋ ಬಲವಂತ ಮಾಡಿ ಉಣ್ಣಿಸಿದ ಗಂಜಿಯ ರುಚಿಯೂ ನೆನಪಿತ್ತು. ಮೇಲಿನ ಒರಳು ಸುಮ್ಮನಿದ್ದದ್ದು ನೆನಪಿರಲಿಲ್ಲ. ಅವನು ಅದನ್ನು ಗಮನಿಸಿಯೇ ಇರಲಿಲ್ಲ.

ಎದ್ದು ಕೆಳಗೆ ಹೋದ. ಹಾಸಿಗೆಯ ಮೇಲಿನ ಕೌದಿಯನ್ನು ಎಂಟು ಮಡಿಕೆ ಮಡಚಿ, ಎದೆಗೆ ಅವುಚಿಕೊಂಡು ತಿರುಗಿ ಬಂದ. "ಒರಳು ತುಸು ವಾರಿ ಮಾಡವ್ವ, ಇದನ್ನ ಕೆಳಗ ಹಾಕೂಣು" ಎಂದ.

ಅವಳು ಹೊಲಿಗೆಯ ಗುರುತು ಹಿಡಿದಳು. "ಇದು ಕಾಕು ಹೊಲಿದ ಕೌದಿ. ಬ್ಯಾಡ್ರಿ."

"ನಿನ್ನ ಒನಕಿ ಸಪ್ಪಳ ಕೇಳಕೋತನ ಹೊಲಿದಾಳ ಆಕಿ. ಇರಲಿ, ಹಾಕು."

ಇಬ್ಬರೂ ಸೇರಿ ಒರಳನ್ನು ಓರೆ ಮಾಡಿ ಕೌದಿಯನ್ನು ಅಡಿಗೆ ಸೇರಿಸಿದರು. ಅವಳು ಒನಕೆ ಎತ್ತಿ ಒಂದು ಪೆಟ್ಟು ಹಾಕಿ, "ಕೆಳಗ ಹೋಗಿ ಕೇಳ್ರಿ ಕಾಕಾ, ಹೆಂಗೈತಿ ನೋಡ್ರಿ" ಎಂದಳು. ಅವನು ಹೋಗಲಿಲ್ಲ. ಇನ್ನೊಂದು ಬಟ್ಟಲು ಚಹಾ ಕೇಳಿದ.

ಮರುದಿನ ಮೇಸ್ತ್ರಿ ಬಂದಾಗ ಕೆಲಸ ಬೇಡವೆಂದು ಹೇಳಿ ಕಳಿಸಿದ. ಪಾಟಲಿಗಳನ್ನು ಪೆಟ್ಟಿಗೆಯಲ್ಲಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕಾದು ನೋಡಿ ಕೇಳಿದ: "ಸಪ್ಪಳ ನಿಂತಿತೇ?"

"ಸ್ವಲ್ಪ ಮೆತ್ತಗಾಯಿತು. ನಿಲ್ಲಲಿಲ್ಲ" ಎಂದರು ಗುರುಗಳು. ಆಮೇಲೆ ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ನಿರಂಜನ ನಿನಗಾಗಿ ಸುಮ್ಮನಿರುವ ಹೊತ್ತು ಯಾವುದು, ಹೇಳು ಮಗು."