ಕಾನಡೀ ಬೇರಿ ಎಂಬ ಹೆಸರು

ಇದು ನಡೆದದ್ದು ಸುಮಾರು ಏಳು ನೂರೈವತ್ತು ವರ್ಷಗಳ ಹಿಂದೆ, ಚೈತ್ರ ಮಾಸದಲ್ಲಿ. ಸ್ಥಳ, ಥಾರ್ ಮರುಭೂಮಿಯ ಪಶ್ಚಿಮ ಭಾಗದ ಒಂದು ಸಣ್ಣ ಹಳ್ಳಿ. ಇಂದು ಅಲ್ಲಿಗೆ ಹೋಗುವವರು ಡಾಂಬರು ರಸ್ತೆಯ ಕೊನೆಯಲ್ಲಿ ಜೀಪಿನಿಂದ ಇಳಿದು ಮರಳಿನಲ್ಲಿ ನಡೆಯಬೇಕು. ದುಂಡನೆಯ ಮಣ್ಣಿನ ಮನೆಗಳು, ಅಲ್ಲೊಂದು ಇಲ್ಲೊಂದು ಬನ್ನಿ ಮರ, ಮುಳ್ಳುಬೇಲಿಯ ಕುರಿದೊಡ್ಡಿ; ನೋಡಲು ಅಷ್ಟೇ. ಗಾಳಿ ಎದ್ದ ದಿನ ಬಂದ ದಾರಿಯೂ ಅಳಿಸಿಹೋಗುತ್ತದೆ. ಊರಿನ ಹೆಸರು ಕಾನಡೀ ಬೇರಿ. ಬೇರಿ ಎಂದರೆ ಆ ಕಡೆಯ ಮಾತಿನಲ್ಲಿ ಕಿರಿದಾದ ಬಾವಿ. ಕಾನಡೀ ಎಂದರೆ ಕನ್ನಡದವನು. ಕನ್ನಡ ನಾಡು ಅಲ್ಲಿಂದ ತಿಂಗಳುಗಟ್ಟಲೆ ನಡಿಗೆಯ ದೂರ. ಊರಿನಲ್ಲಿ ಈಗ ಒಬ್ಬರಿಗೂ ಕನ್ನಡ ಬಾರದು. ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ಅಲ್ಲಿಯ ಹಿರಿಯರು ಒಂದು ಸಂಗತಿ ಹೇಳುತ್ತಾರೆ.

ಆ ಕಾಲದಲ್ಲಿ ದಕ್ಷಿಣದ ವರ್ತಕರು ಕುದುರೆ ಕೊಳ್ಳಲು ನೆಲದ ದಾರಿಯಲ್ಲೇ ಮರುಭೂಮಿಯಾಚೆಯ ಮುಲ್ತಾನದವರೆಗೆ ಹೋಗುತ್ತಿದ್ದರು ಎನ್ನುತ್ತಾರೆ. ಬದಲಿಗೆ ಒಯ್ಯುತ್ತಿದ್ದದ್ದು ಮೆಣಸು, ಏಲಕ್ಕಿ, ಗಂಧದ ಕೊರಡು. ಗುರ್ಜರ ದೇಶದವರೆಗೆ ಎತ್ತಿನ ಹೇರು. ಮರಳು ಶುರುವಾದ ಮೇಲೆ ಬಾಡಿಗೆಯ ಒಂಟೆ. ಒಂದು ಬಾವಿಯಿಂದ ಇನ್ನೊಂದು ಬಾವಿಗೆ ದಾರಿ ಬಲ್ಲವರು ಆ ಒಂಟೆಯವರು ಮಾತ್ರ. ಭೀಮಾ ದಂಡೆಯ ಎರೆ ಸೀಮೆಯಿಂದ ಹೊರಟ ಅಂಥದ್ದೊಂದು ತಂಡಕ್ಕೆ ಚಟ್ಟಿಸೆಟ್ಟಿ ಯಜಮಾನನಾಗಿದ್ದ. ದೊಡ್ಡ ಮೈ, ದೊಡ್ಡ ದನಿ. ಜೊತೆಗೆ ಅವನ ತಮ್ಮ ಬಮ್ಮಯ್ಯ. ಸಣಕಲು ಆಳು, ಮಾತು ಕಡಿಮೆ. ಬಮ್ಮಯ್ಯನಿಗೆ ಇದು ಮೊದಲ ಪಯಣ. ಎರಡು ಕುದುರೆ ತನ್ನ ಪಾಲಿಗೆ ಬಂದರೆ ಊರಿಗೆ ಮರಳಿ, ಅಣ್ಣನ ನೆರಳಿನಿಂದ ಆಚೆ, ತನ್ನದೇ ವ್ಯಾಪಾರ ಹೂಡಬೇಕೆಂದಿದ್ದ. ಮರಳಿ ಹೋಗುವುದೊಂದೇ ಅವನ ಮನಸ್ಸಿನಲ್ಲಿದ್ದದ್ದು.

ತಂಡ ಈ ಹಳ್ಳಿ ಮುಟ್ಟಿದಾಗ ಧೂಳುಗಾಳಿ ಎದ್ದಿತು. ಅದು ನಿಂತ ಮೇಲೆ ನೋಡಿದರೆ ಮುಂದಿನ ಬಾವಿಯೂ ಹಿಂದಿನ ಬಾವಿಯೂ ಮರಳಿನಡಿ ಮುಚ್ಚಿಹೋಗಿದ್ದವು. ಒಂಟೆಯವರ ಮುಖಂಡ ಡೂಂಗರ, ಪ್ರಾಣಿಗಳನ್ನು ದೂರದ ಮೇವಿನ ಕಡೆಗೆ ಹೊಡೆದುಕೊಂಡು ಹೋಗಿ ಅಮಾವಾಸ್ಯೆಗೆ ಬರುತ್ತೇನೆಂದು ಹೊರಟ. ಮೂಟೆಗಳ ನಡುವೆ ನಲವತ್ತು ಜನ ಉಳಿದರು. ಹಳ್ಳಿಯಲ್ಲಿದ್ದದ್ದು ಬೆರಳೆಣಿಕೆಯ ಮನೆ, ಒಂದೇ ಬೇರಿ. ಅದರ ಒಡತಿ ಜೀವಣಿ ಎಂಬ ಮುದುಕಿ; ಡೂಂಗರನಿಗೆ ಸೋದರತ್ತೆ. ಬೇರಿಯ ಮುಚ್ಚಳ ದಿನಕ್ಕೊಮ್ಮೆ, ಮುಸ್ಸಂಜೆಗೆ ತೆರೆಯುತ್ತಿತ್ತು. ನಾಲ್ಕು ಕೊಡ ನೀರು ಸಿಗುತ್ತಿತ್ತು, ಮತ್ತೆ ಮುಚ್ಚುತ್ತಿದ್ದರು. ಅದರಲ್ಲಿ ಅರ್ಧವನ್ನು ಅವಳು ತಂಡಕ್ಕೆ ಕೊಟ್ಟಳು. ಸುತ್ತ ಗೋಡೆಯಿರಲಿಲ್ಲ, ಕಾವಲಿರಲಿಲ್ಲ. ಆದರೂ ಎತ್ತ ಹೊರಟವನೂ ಅರ್ಧ ದಿನದಲ್ಲಿ ಹಿಂದಿರುಗಬೇಕಾಗಿತ್ತು; ಅದರಾಚೆಗೆ ಸಾಲುವಷ್ಟು ನೀರು ಯಾರ ಬಳಿಯೂ ಇರಲಿಲ್ಲ.

ಇನ್ನೊಂದು ಬೇರಿ ತೋಡುವುದೆಂದಾಯಿತು. ಜಾಗ ತೋರಿಸಿದವಳು ಜೀವಣಿಯೇ. ಹಾಕಿದ ಷರತ್ತು ಒಂದೇ: ಆಳದಲ್ಲಿ ಬಿಳಿಕಲ್ಲಿನ ಪದರ ಸಿಗುತ್ತದೆ, ಅಲ್ಲಿ ನಿಲ್ಲಿಸಬೇಕು, ಅದಕ್ಕೆ ಹಾರೆ ತಾಗಿಸಬಾರದು. ಆ ನೆಲದ ಕ್ರಮ ಹೀಗಿದೆ. ಮಳೆಯ ನೀರು ಮರಳಿನೊಳಗೆ ಇಂಗಿ ಬಿಳಿಕಲ್ಲಿನ ಮೇಲೆ ತೇವವಾಗಿ ನಿಲ್ಲುತ್ತದೆ. ಬಾವಿ ತೋಡಿದರೆ ಆ ತೇವ ಹನಿಹನಿಯಾಗಿ ಒಸರಿ ಒಂದು ದಿನದಲ್ಲಿ ಕೊಡಗಳಷ್ಟಾಗುತ್ತದೆ. ಕಲ್ಲಿನ ಕೆಳಗೆ ಇರುವುದು ಉಪ್ಪುನೀರು. ಬಾವಿ ಅಗಲವಾದರೆ ನೀರು ಆರಿಹೋಗುವುದರಿಂದ ಒಬ್ಬನು ಕುಕ್ಕರುಗಾಲಿನಲ್ಲಿ ಕೂರುವಷ್ಟೇ ಅಗಲ ತೋಡುತ್ತಾರೆ. ನಲವತ್ತು ಜನರಲ್ಲಿ ಅಷ್ಟು ಸಣ್ಣವನು ಬಮ್ಮಯ್ಯ.

ಅವನು ಮೊಣಕಾಲನ್ನು ಎದೆಗೊತ್ತಿ ಕುಳಿತು ಗಿಡ್ಡ ಹಿಡಿಯ ಹಾರೆಯಿಂದ ಕೆದರಿ, ಮರಳನ್ನು ಬುಟ್ಟಿಗೆ ತುಂಬುತ್ತಿದ್ದ. ತೋಳು ಚಾಚಲು ಜಾಗವಿಲ್ಲ. ಬದಿ ಕುಸಿಯದಂತೆ ಹುಲ್ಲಿನ ದಪ್ಪ ಹಗ್ಗವನ್ನು ಸುರುಳಿಯಾಗಿ ಒತ್ತುತ್ತ ಇಳಿಯಬೇಕು. ಒಳಗೆ ಉಸಿರು ಕಟ್ಟಿದಾಗ ಮೇಲಿನವರು ಹಿಡಿ ಹಿಡಿ ಮರಳನ್ನು ಬೀಸಿ ಎಸೆಯುತ್ತಿದ್ದರು. ಮರಳಿನ ಜೊತೆ ಹೊಸ ಗಾಳಿಯೂ ಇಳಿಯುತ್ತಿತ್ತು. ತಲೆಯ ಮೇಲೆ ಕಂಚಿನ ತಟ್ಟೆ ಬೋರಲಿಟ್ಟುಕೊಂಡು ಅವನು ಆ ಮರಳಿನಿಂದ ತಲೆ ಕಾಯ್ದುಕೊಳ್ಳುತ್ತಿದ್ದ. ಮೇಲಕ್ಕೆ ನೋಡುವುದನ್ನು ಮೊದಲ ದಿನವೇ ಬಿಟ್ಟಿದ್ದ. ನೋಡಿದಷ್ಟೂ ಬಾವಿಯ ಬಾಯಿ ಚಿಕ್ಕದಾಗುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಹಾರೆಯ ತುದಿ ಬಿಳಿಕಲ್ಲಿಗೆ ತಾಗಿತು.

"ಏನೋ ಅದು ಸದ್ದು?" ಎಂದು ಚಟ್ಟಿಸೆಟ್ಟಿ ಮೇಲಿನಿಂದ ಕೂಗಿದ.

"ಬಿಳಿಕಲ್ಲು ಸಿಕ್ತಣ್ಣಾ. ಕಾಲಡಿ ಒದ್ದೆ ಆಗಿದೆ."

"ನೀರೆಷ್ಟು?"

"ಬೊಗಸೆ ತುಂಬೋದಿಲ್ಲ."

"ಬೊಗಸೆ ನೀರಿಗೆ ನಲವತ್ತು ಬಾಯಿ! ಒಡೆಯೋ ಅದನ್ನ."

"ಅಜ್ಜಿ ಬೇಡ ಅಂದಿದ್ದಾಳಲ್ಲಣ್ಣಾ."

"ಅಜ್ಜಿ ಬಾವಿ ಅಂತ ನೋಡಿದ್ದು ಇಂಥ ಇಲಿಬಿಲ. ನಮ್ಮ ಹೊಲದಲ್ಲಿ ಅಪ್ಪ ಕಲ್ಲು ಒಡೆದ ಮೇಲೆ ತಾನೆ ಸೆಲೆ ಎದ್ದಿದ್ದು? ನೀನೇ ಕುಣಿದಿದ್ದೆ!"

ಅದು ನಿಜವಾಗಿತ್ತು. ಎರೆ ಸೀಮೆಯಲ್ಲಿ ಬಾವಿ ಎಂದರೆ ಕಲ್ಲು ಒಡೆಯುವುದೇ. ಮೇಲೆ ಮಣ್ಣು, ಆಮೇಲೆ ಗರಸು, ಆಮೇಲೆ ಕರಿಬಂಡೆ. ಬಂಡೆಯಲ್ಲಿ ಬಿರುಕು ಬಿಟ್ಟರೆ ಆಳೆತ್ತರ ನೀರು. ಕಲ್ಲಿನ ಮೇಲೆ ನಿಂತವನಿಗೆ ನೀರು ಇನ್ನೂ ಕೆಳಗಿದೆ ಎನ್ನಿಸುವುದು ಆ ಮಣ್ಣಿನವರ ಅಭ್ಯಾಸ. ಬಮ್ಮಯ್ಯನಿಗೂ ಹಾಗೆಯೇ ಅನ್ನಿಸಿತು. ಬಾಯಿ ಒಣಗಿತ್ತು. ಅವನು ಹಾರೆಯೆತ್ತಿ ಹೊಡೆದ.

ಕಲ್ಲು ಮೆತ್ತಗಿತ್ತು, ಬೇಗ ತೂತಾಯಿತು. ಸೆಲೆ ಏಳಲಿಲ್ಲ. ಕಾಲಿನ ಹೆಬ್ಬೆರಳಿನ ಸುತ್ತ ಇದ್ದ ನೀರು ಗುಟುಕರಿಸಿದಂತೆ ಸದ್ದು ಮಾಡಿ ಕೆಳಗಿಳಿಯಿತು. ತೂತಿನೊಳಗೆ ಬೆರಳಿಟ್ಟು ನೆಕ್ಕಿ ನೋಡಿದ, ಉಪ್ಪು. ಮರುಸಂಜೆ ಜೀವಣಿಯ ಬೇರಿಯಲ್ಲಿ ಸಿಕ್ಕಿದ್ದು ಎರಡೇ ಕೊಡ. ಎರಡೂ ಬಾವಿಗಳ ಕೆಳಗೆ ಹಾಸಿದ್ದು ಒಂದೇ ಕಲ್ಲು. ಇಲ್ಲಿ ತೂತಾದರೆ ಅಲ್ಲಿಯ ತೇವವೂ ಇತ್ತ ಹರಿದು ಇಳಿದುಹೋಗುತ್ತದೆ. ಅವಳು ಕೂಗಾಡಲಿಲ್ಲ. ಒಡೆದ ಬಿಳಿಕಲ್ಲಿನ ಚೂರುಗಳನ್ನು ತರಿಸಿ, ಒಂಟೆಯ ಹಿಕ್ಕೆಯ ಬೆಂಕಿಯಲ್ಲಿ ಸುಡಿಸಿ ಪುಡಿ ಮಾಡಿಸಿದಳು. ಆ ಪುಡಿ ನೀರಿನಲ್ಲಿ ಕಲಸಿದರೆ ಮತ್ತೆ ಕಲ್ಲಾಗುತ್ತದೆ. ಕಲಸಲು ಅಂದಿನ ಕುಡಿಯುವ ನೀರೇ ಹೋಯಿತು. ಬಮ್ಮಯ್ಯ ಮತ್ತೆ ಇಳಿದು ತೂತಿಗೆ ಗೋಣಿ ತುರುಕಿ, ಮೇಲೆ ಗಾರೆ ಮೆತ್ತಿ, ಅದು ಗಟ್ಟಿಯಾಗುವವರೆಗೆ ಎರಡೂ ಅಂಗೈ ಒತ್ತಿ ಹಿಡಿದು ಕುಳಿತ. ಗಾರೆ ಬಿಸಿಯಾಯಿತು, ಆಮೇಲೆ ತಣ್ಣಗಾಯಿತು. ಒಸರು ನಿಂತಂತೆ ಕಂಡಿತು. ನಿಜಕ್ಕೂ ನಿಂತಿದೆಯೇ ಎಂದು ಹೇಳಬಲ್ಲದ್ದು ಮುಂದಿನ ಮಳೆ ಮಾತ್ರ.

ಅಮಾವಾಸ್ಯೆಗೆ ಡೂಂಗರ, ಮುಂದಿನ ಬಾವಿಯ ಮರಳು ತೆಗೆಸಿ, ಒಂಟೆಗಳೊಂದಿಗೆ ಬಂದ. ಮೂಟೆ ಹೇರಿದರೂ ಒಂಟೆ ಏಳಲಿಲ್ಲ. ಅತ್ತೆಯ ಮಾತಿಲ್ಲದೆ ಎಬ್ಬಿಸುವುದಿಲ್ಲ ಎಂದು ಡೂಂಗರ ಕೈಕಟ್ಟಿ ನಿಂತ. ನೀರು ಕೆಡಿಸಿದವರು ಒಬ್ಬನನ್ನು ಒತ್ತೆಯಿಡಬೇಕು, ಬೇರಿ ಮೊದಲಿನಂತಾದ ಮೇಲೆ ಅವನನ್ನು ಬಿಡುತ್ತಾರೆ. ಅದು ಆ ದಾರಿಯ ಪದ್ಧತಿ.

"ಒಡೆಯೋಕೆ ಹೇಳಿದವನು ನಾನು. ನಾನೇ ಇರ್ತೀನಿ" ಎಂದು ಚಟ್ಟಿಸೆಟ್ಟಿ ಮುಂದೆ ಬಂದ.

ಜೀವಣಿ ಅವನ ಹೊಟ್ಟೆಯನ್ನು ನೋಡಿದಳು. "ನಿನ್ನನ್ನ ಇಟ್ಕೊಂಡು ಏನು ಮಾಡಲಪ್ಪಾ? ಬಾವಿಗೆ ಬೂಚು ಹಾಕಲೇ? ಸಣ್ಣವನು ಇರಲಿ. ಗಾರೆ ಬಿರುಕು ಬಿಟ್ಟರೆ ಇಳಿಯೋನು ಬೇಕು."

ಆಳುಗಳು ನಕ್ಕರು. ಬಮ್ಮಯ್ಯ ನಗಲಿಲ್ಲ. ಒಂಟೆಗಳು ಎದ್ದು ದಿಬ್ಬದಾಚೆ ಇಳಿದವು.

ಆ ವರ್ಷ ಮಳೆ ಬರಲಿಲ್ಲ. ಚಳಿಗಾಲದಲ್ಲಿ ಚಟ್ಟಿಸೆಟ್ಟಿ ಕುದುರೆಗಳೊಂದಿಗೆ ಆ ದಾರಿಯಲ್ಲೇ ಮರಳಿದ. ತಮ್ಮನ ಬದಲಿಗೆ ಒಂದು ಒಳ್ಳೆಯ ಕುದುರೆ ಬಿಡುತ್ತೇನೆಂದ. ಕುದುರೆಗೂ ನೀರು ಬೇಕಲ್ಲ ಎಂದಳು ಜೀವಣಿ. ಅಷ್ಟು ಕುದುರೆಗಳಿಗೆ ಆ ಊರಿನ ನೀರು ಒಂದು ಹೊತ್ತಿಗೂ ಸಾಲದು. ಅಣ್ಣ ಅಂದೇ ಹೊರಡಬೇಕಾಯಿತು. "ಮುಂದಿನ ಸಲ ಬರುವಾಗ ಕರ್ಕೊಂಡು ಹೋಗ್ತೀನಿ ಕಣೋ" ಎಂದು ತಮ್ಮನ ಭುಜ ಹಿಡಿದು ಹೇಳಿ ಹೋದ. ಎರಡನೆಯ ವರ್ಷವೂ ಮಳೆ ಇಲ್ಲ. ಅಣ್ಣನೂ ಬರಲಿಲ್ಲ. ಡೂಂಗರ ಸುದ್ದಿ ತಂದ: "ನಿಮ್ಮ ಸೆಟ್ಟಿಗಳು ಈಗ ಸಮುದ್ರದ ಮೇಲೆ ಹಡಗಿನಲ್ಲಿ ಕುದುರೆ ತರಿಸ್ತಾರಂತೆ. ಇತ್ತ ಒಬ್ಬನೂ ಬಾಡಿಗೆಗೆ ಕರೆಯೋನಿಲ್ಲ."

ಮೂರನೆಯ ವರ್ಷ ಮಳೆಯಾಯಿತು. ಬಮ್ಮಯ್ಯ ಸಂಜೆ ಸಂಜೆ ಬೇರಿಯ ಬಳಿ ನಿಂತು ನೋಡಿದ. ಎರಡು ಕೊಡ ಮೂರಾಯಿತು. ಒಂದು ದಿನ ನಾಲ್ಕನೆಯ ಕೊಡ ತುಂಬಿತು. ಜೀವಣಿ ಅದರಿಂದಲೇ ಅವನಿಗೊಂದು ತಂಬಿಗೆ ಕೊಟ್ಟಳು.

"ಒತ್ತೆ ತೀರಿತು, ಮಗನೇ. ಇನ್ನು ಹೋಗು."

"ಯಾರ ಜೊತೆ ಹೋಗಲಮ್ಮ?" ಎಂದ ಬಮ್ಮಯ್ಯ.

ದಕ್ಷಿಣಕ್ಕೆ ಹೋಗುವ ತಂಡವೇ ಇರಲಿಲ್ಲ. ಬಾವಿಯಿಂದ ಬಾವಿಗೆ ಒಂಟಿಯಾಗಿ ನಡೆದು ಬದುಕಿದವರೂ ಇರಲಿಲ್ಲ. ಕಾಯುತ್ತ ಕೂರಲಾರದೆ ಬಮ್ಮಯ್ಯ ಇನ್ನೊಂದು ಬೇರಿಗೆ ಇಳಿದ. ಬಿಳಿಕಲ್ಲು ಹತ್ತಿರವಾದಂತೆ ಹಾರೆ ಬಿಟ್ಟು ಬೆರಳಿನಿಂದ ಕೆದರುತ್ತಿದ್ದ ಎನ್ನುತ್ತಾರೆ. ಅದು ಮುಗಿದ ಮೇಲೆ ಮತ್ತೊಂದು. ಬಹಳ ವರ್ಷಗಳ ಮೇಲೆ ಹಡಗು ಸಿಗುವ ಕರಾವಳಿಯತ್ತ ಹೊರಟ ಒಬ್ಬ ಒಂಟೆಯವನು ಈ ದಾರಿಯಲ್ಲಿ ಬಂದ. ಅವನ ಬಳಿ ಹೇರಿಲ್ಲದ ಒಂಟೆ ಒಂದಿತ್ತು. ಬಾವಿಯ ಬಾಯಿಗೆ ಬಗ್ಗಿ, "ಕಾನಡೀ, ಬರ್ತೀಯೇನು?" ಎಂದು ಕೂಗಿದ. "ಕಲ್ಲು ಸಿಗೋ ಹೊತ್ತು. ಈಗ ಬಿಟ್ಟರೆ ಬದಿ ಕುಸಿಯುತ್ತೆ. ನಿಲ್ಲು, ಬಂದೆ" ಎಂದು ಒಳಗಿನಿಂದ ದನಿ ಬಂತು. ಒಂಟೆಯವನು ಸಂಜೆಯವರೆಗೆ ನಿಂತ. ಆಮೇಲೆ ಹೊರಟ; ಅವನೂ ಮುಂದಿನ ಬಾವಿ ಮುಟ್ಟಬೇಕಾಗಿತ್ತು.

ಬಮ್ಮಯ್ಯನ ಸಮಾಧಿ ಎಲ್ಲಿದೆಯೆಂದು ಊರಿನವರಿಗೆ ತಿಳಿಯದು. ನೋಡಲು ಹೋದವರಿಗೆ ಅವರು ಬೇರಿಗಳನ್ನೇ ತೋರಿಸುತ್ತಾರೆ. ಬಾಯಿಯ ಸುತ್ತ ಮಣ್ಣಿನ ಕಟ್ಟೆ, ಮೇಲೆ ಮರದ ಮುಚ್ಚಳ; ಈಗಲೂ ತೆರೆಯುವುದು ಮುಸ್ಸಂಜೆಗೆ ಮಾತ್ರ. ಬೇರಿಗಳು ಒಟ್ಟು ಹನ್ನೊಂದು. ಸಿಹಿನೀರು ಇರುವುದು ಹತ್ತರಲ್ಲಿ; ಉಳಿದೊಂದರ ತಳದಲ್ಲಿ ಗಾರೆಯ ತೇಪೆ ಇದೆ.