ಬಂಡೆಯ ಮೇಲಿನ ಜಟ್ಟಿ

ನನ್ನ ಅಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಒಂದು ಕಡಲಂಚಿನ ಊರಲ್ಲಿ, ಜಟ್ಟಿ ಅಂತ ಒಬ್ಬ ದೋಣಿ ಕಟ್ಟುವವನಿದ್ದನಂತೆ. ಅವನ ಹೆಂಡತಿ ಸುಬ್ಬಿ. ಕೇಳ್ತೀರೋ, ಕಿಸಿಕಿಸಿ ನಗ್ತೀರೋ? ಹಾಂ, ಹಾಗೆ ಸುಮ್ಮನೆ ಕೂರಿ.

ಮದುವೆಯಾದ ಹೊಸತರಲ್ಲಿ ಜಟ್ಟಿ ಅವಳಿಗೆ ಒಂದು ಜೊತೆ ಬೆಳ್ಳಿಯ ಗೆಜ್ಜೆ ತಂದುಕೊಟ್ಟ. ಒಂದು ಗಳಿಗೆಯೂ ಬಿಚ್ಚಬಾರದು ಅಂತ ಮಾತು ತಗೊಂಡ. ಪ್ರೀತಿಗೆ ಬುದ್ಧಿ ಎಲ್ಲಿರ್ತದೆ ಮಾರಾಯ್ರೇ! ಅವಳು ಗೆಜ್ಜೆ ಹಾಕಿಕೊಂಡೇ ಕಡಲ ಇಳಿತದ ಹೊತ್ತಿಗೆ, ಬಂಡೆಗೆ ಅಂಟಿದ ಚಿಪ್ಪಿಕಲ್ಲು, ಅದೇ ಸಾರಿಗೆ ಹಾಕುವ ಚಿಪ್ಪು, ಕೀಳಲು ಸೊಂಟಮಟ್ಟದ ನೀರಿಗೆ ಇಳಿದಳು.

ಅಲ್ಲಿ ಬಂಡೆಯ ಮಗ್ಗುಲಲ್ಲಿ ಒಂದು ಮುದಿ ಈಟಿಮೀನಿತ್ತು. ನೀವೀಗ ಬ್ಯಾರಕುಡಾ ಅಂತೀರಲ್ಲ, ಅದೇ. ಆಳುದ್ದ ಮೈ, ಬಾಯಿ ತುಂಬ ಗರಗಸ. ಮರಿಯಿದ್ದಾಗ ಬೆಚ್ಚಗಿನ ನೀರಲ್ಲಿ ಹಿಂಡು ಕಟ್ಟಿಕೊಂಡು ತಿರುಗ್ತದೆ, ದೊಡ್ಡದಾದರೆ ಒಂಟಿ. ಅಲುಗಾಡದೆ ನಿಂತಿರ್ತದೆ, ಏನಾದರೂ ಮಿಂಚಿತೋ, ಹಾರಿ ಕಚ್ಚಿತು. ಅದಕ್ಕೆ ಬೆಳ್ಳಿಯೂ ಒಂದೇ, ಬೂತಾಯಿ ಮೀನೂ ಒಂದೇ. ಕಾಲಿಗೆ ಒಂದೇ ಕಡಿತ. ರಕ್ತ ನಿಲ್ಲಲೇ ಇಲ್ಲ, ಮನೆ ಮುಟ್ಟುವ ಮುಂಚೆ ಸುಬ್ಬಿಯ ಜೀವ ಹೋಯಿತು. ಒಂದು ಕಾಲಿನ ಗೆಜ್ಜೆ ಜಟ್ಟಿಯ ಕೈಲಿ ಉಳಿಯಿತು.

ಆ ಮೀನನ್ನು ಕೊಂದು ಬಾ ಅಂದಿತು ಊರು. ಜಟ್ಟಿ ಭರ್ಜಿ ಹಿಡಿದು ಹೋದವನು ಹಾಗೇ ಬಂದ. ಗೆಜ್ಜೆ ತೊಡಿಸಿ ಅದನ್ನು ಕರೆದವನು ನಾನು, ಮೀನಿಗೇನು ಗೊತ್ತು ಅಂದನಂತೆ. ಇವನೂ ಒಬ್ಬ ಗಂಡಸೇ ಅಂತ ಊರು ಅವನ ಜೊತೆ ಮಾತು ಬಿಟ್ಟಿತು. ಒಲೆಗೆ ಕೆಂಡ ಕೊಡುವವರೂ ಇಲ್ಲ. ಅಯ್ಯೋ, ಆ ಒಂಟಿತನ ಶತ್ರುವಿಗೂ ಬೇಡ.

ಅಂದಿನಿಂದ ದಿನಾ ಇಳಿತಕ್ಕೆ ಬಂಡೆಯ ಮೇಲೆ ಹೆಗಲ ವಸ್ತ್ರ ಹಾಸಿ ಕೂರುತ್ತಿದ್ದನಂತೆ. ನೀರಿಗಿಳಿಯುವ ಹೆಂಗಸರು ಮೂಗುತಿ, ಕಾಲುಂಗುರ ಅದರಲ್ಲಿ ಹಾಕಿ ಹೋಗಬೇಕು. ಹಾಕಿದರು, ಜೀವದ ಆಸೆ ಅಲ್ವಾ! ಮೇಲೆ ಬಂದು ತಮ್ಮತಮ್ಮದು ಎತ್ತಿಕೊಂಡು, ಅವನ ಮುಖ ನೋಡದೆ ನಡೆದರು. ವರ್ಷಾನುಗಟ್ಟಲೆ ಹೀಗೇ ಅಂತೆ.

ಒಂದು ದಿನ ಹೊಸ ಮದುಮಗಳೊಬ್ಬಳು, ಗಂಡ ಕೊಟ್ಟದ್ದು ಬಿಚ್ಚಲಾರೆ ಅಂತ ಗೆಜ್ಜೆ ಸಮೇತ ಇಳಿದಳು. ಈಟಿಮೀನು ಅವಳತ್ತ ತಿರುಗಿದ್ದು ಮೇಲಿಂದ ಜಟ್ಟಿಗೆ ಕಂಡಿತು. ಕೂಗಿದ, ಕೂಗಿದ. ಅವನ ಮಾತಿಗೆ ತಿರುಗಿ ನೋಡುವ ರೂಢಿ ಯಾರಿಗಿತ್ತು? ಸುಬ್ಬಿಯ ಗೆಜ್ಜೆ ಕೈಗೆ ಸುತ್ತಿಕೊಂಡು, ಬಿಸಿಲಿಗೆ ಮಿಂಚಿಸುತ್ತಾ ಆಚೆ ಬದಿಯ ಆಳಕ್ಕೆ ಹಾರಿದ. ಮೀನು ಅವಳನ್ನು ಬಿಟ್ಟು ಅವನ ಕಡೆ ತಿರುಗಿತು. ಹುಡುಗಿ ದಡ ಸೇರಿದಳು, ಅವನು ಸೇರಲಿಲ್ಲ. ಮೀನೇ ಕೊಂದಿತು ಅಂತಾರೆ. ಇಲ್ಲ, ಅವನೂ ಮೀನೂ, ಎರಡು ಒಂಟಿಗಳೂ ಈಗಲೂ ನೀರಲ್ಲಿ ಜೊತೆಗೇ ತಿರುಗ್ತಾವೆ ಅಂತಲೂ ಅಂತಾರೆ. ನಾನು ಕಂಡಿಲ್ಲ, ಸುಳ್ಳು ಯಾಕೆ? ಬಂಡೆಯ ಮೇಲೆ ವಸ್ತ್ರ ಹಾಗೇ ಇತ್ತಂತೆ, ಎಲ್ಲರ ಒಡವೆಯೂ ಅದರಲ್ಲಿ.

ಆ ಬಂಡೆ ಇಗೋ, ನಮ್ಮ ಊರಿನದೇ. ಈಗಲೂ ಹೆಂಗಸರು ಅದರ ಮೇಲೆ ಮೂಗುತಿ ಬಿಚ್ಚಿಟ್ಟೇ ನೀರಿಗಿಳಿಯುವುದು. ಇವತ್ತಿನವರೆಗೆ ಒಬ್ಬರೂ ಕದ್ದಿಲ್ಲ. ಮೇಲೆ ಬಂದವಳು ಬಾಯಿಬಿಟ್ಟು "ಬಂದೆ ಜಟ್ಟಣ್ಣ" ಅನ್ನಬೇಕು, ಆಮೇಲೆ ಎತ್ತಿಕೊಳ್ಳಬೇಕು. ಅನ್ನದೆ ಹೋದರೆ ನಾನೇ ಬೈತೇನೆ. ಅವನು ಬದುಕಿದ್ದಾಗ ಅಷ್ಟು ಮಾತನ್ನೂ ಒಬ್ಬಳೂ ಆಡಲಿಲ್ಲ.